ಕೊಳ್ಳೇಗಾಲ, ಹನೂರು, ಯಳಂದೂರು: ಸೀಮೆಯ ಅಭಿಮಾನ

ಚಾಮರಾಜನಗರ ಜಿಲ್ಲೆಯ ಮೂರು ನೆರೆಹೊರೆ ತಾಲ್ಲೂಕುಗಳು. ಉತ್ತರಕ್ಕೆ ಕಾವೇರಿ, ದಕ್ಷಿಣಕ್ಕೆ ಬಿಳಿಗಿರಿರಂಗನ ಬೆಟ್ಟ, ಪೂರ್ವಕ್ಕೆ ಮಲೆ ಮಹದೇಶ್ವರನ ಎಪ್ಪತ್ತೇಳು ಮಲೆ. ನಡುವೆ ರಾಗಿ, ಭತ್ತ, ಕಬ್ಬು, ಹಿಪ್ಪುನೇರಳೆ ಬೆಳೆಯುವ ಬಯಲು. ಇಂದು ಒಂದೇ ಜಿಲ್ಲೆಯಲ್ಲಿದ್ದರೂ ಇವುಗಳ ಆಡಳಿತದ ಚರಿತ್ರೆ ಬೇರೆ ಬೇರೆ. ಕೊಳ್ಳೇಗಾಲ ಸೀಮೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದು ಮೈಸೂರು ಜಿಲ್ಲೆಯ ಭಾಗವಾಯಿತು. ಅದಕ್ಕೆ ಅಂಟಿಕೊಂಡೇ ಇರುವ ಯಳಂದೂರು ಮಾತ್ರ ಮೈಸೂರು ಸಂಸ್ಥಾನದೊಳಗಿನ ಜಹಗೀರು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಉಂಬಳಿಯಾಗಿ ಬಂದದ್ದು. ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಹನೂರು ಮೊನ್ನೆ ಮೊನ್ನೆಯವರೆಗೆ ಕೊಳ್ಳೇಗಾಲ ತಾಲ್ಲೂಕಿನ ಹೋಬಳಿಯಾಗಿತ್ತು, ಈಗ ಅದೇ ತಾಲ್ಲೂಕು ಕೇಂದ್ರ. ಎರಡು ತಲೆಮಾರಿನೊಳಗೆ ಇಷ್ಟು ಸಲ ಗೆರೆ ಬದಲಾದ ನೆಲದಲ್ಲಿ ‘ನಮ್ಮ ಸೀಮೆ’ ಎಂಬ ಅಭಿಮಾನ ಯಾವುದನ್ನು ಹಿಡಿದು ನಿಂತಿದೆ ಎಂಬುದು ಈ ಲೇಖನದ ವಿಷಯ.

ಊರಿನ ಅಭಿಮಾನಕ್ಕೆ ಜಗತ್ತಿನಲ್ಲಿ ಹೆಸರಾದ ದೇಶ ಐರ್ಲೆಂಡ್. ಅಲ್ಲಿನ 32 ಕೌಂಟಿಗಳ ಗಡಿಗಳನ್ನು ಬಹುಮಟ್ಟಿಗೆ ಇಂಗ್ಲಿಷ್ ಆಡಳಿತಗಾರರೇ ಎಳೆದರು. ಕೊನೆಯದಾದ ವಿಕ್ಲೋ ರೂಪುಗೊಂಡಿದ್ದು 1606ರಲ್ಲಿ. ಆದರೂ ಆ ಗೆರೆಗಳ ಒಳಗೇ ಜನ ತಮ್ಮ ತಿನಿಸು, ತಮ್ಮ ಕೋಟೆ, ತಮ್ಮ ಕವಿಗಳನ್ನು ಎಣಿಸಿಕೊಂಡರು. 1884ರಲ್ಲಿ ಹುಟ್ಟಿದ ಗೇಲಿಕ್ ಕ್ರೀಡಾಸಂಘ ಕೌಂಟಿಗೊಂದು ತಂಡ ಕಟ್ಟಿ ಆ ಪ್ರೀತಿಯನ್ನು ಮೈದಾನಕ್ಕಿಳಿಸಿತು. ನಮ್ಮ ಈ ಸೀಮೆಯಲ್ಲಿ ನಡೆದದ್ದು ಇದರ ತಿರುಗುಮುರುಗು. ಇಲ್ಲಿ ಗೆರೆಗಳು ಬಂದವು, ಹೋದವು. ಜನ ಹಿಡಿದುಕೊಂಡದ್ದು ಬೆಟ್ಟವನ್ನು, ಗದ್ದುಗೆಯನ್ನು, ಪರಸೆಯನ್ನು. ‘ಯಾವ ತಾಲ್ಲೂಕು?’ ಎಂದರೆ ಹೊಸ ಉತ್ತರ, ಹಳೆಯ ಉತ್ತರ ಎರಡೂ ಬರಬಹುದು. ‘ಯಾರ ಒಕ್ಕಲು?’ ಎಂದರೆ ಉತ್ತರ ಒಂದೇ: ಮಾದಪ್ಪನ ಒಕ್ಕಲು, ಸಿದ್ದಪ್ಪಾಜಿ ಒಕ್ಕಲು, ರಂಗಪ್ಪನ ಒಕ್ಕಲು.

ಮಾದಪ್ಪನ ಮಲೆ

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಸುಮಾರು 80 ಕಿಲೋಮೀಟರ್ ಹೋದರೆ ಮಲೆ ಮಹದೇಶ್ವರ ಬೆಟ್ಟ. ತಾಳುಬೆಟ್ಟದ ಬುಡದಲ್ಲಿ ಬಸ್ಸಿಳಿದು ಮೆಟ್ಟಿಲು ಹತ್ತುವವರು ಇಂದಿಗೂ ಸಾವಿರಾರು ಮಂದಿ. ಹುಲಿಯನ್ನೇರಿದ ಜಂಗಮನಾಗಿ ಮಹದೇಶ್ವರ, ಜನರ ಬಾಯಲ್ಲಿ ಮಾದಪ್ಪ, ಈ ಕಾಡಿಗೆ ಬಂದದ್ದು ಹದಿನಾಲ್ಕು–ಹದಿನೈದನೆಯ ಶತಮಾನದ ಸುಮಾರಿಗೆಂದು ವಿದ್ವಾಂಸರು ಹೇಳುತ್ತಾರೆ. ಜನರಿಗೆ ಆತ ಕಾಲಕ್ಕೆ ಸಿಕ್ಕವನಲ್ಲ. ಉತ್ತರಾಜಮ್ಮನ ಮಗ, ಸುತ್ತೂರು ಮಠದಲ್ಲಿ ರಾಗಿ ಬೀಸಿದವನು, ಕುಂತೂರು ಮಠದಲ್ಲಿ ಇದ್ದುಬಂದವನು, ಶ್ರವಣದೊರೆಯನ್ನು ಮಣಿಸಿದವನು. ಆ ಶ್ರವಣನ ಸಂಹಾರಕ್ಕೆ ಹರಳಯ್ಯನ ಕೈಯಲ್ಲಿ ಪಾದರಕ್ಷೆ ಮಾಡಿಸಿದ ಕಥೆ ಬರುತ್ತದೆ. ಕಾಡಿನ ಬುಡಕಟ್ಟಿನವರಾದ ಸೋಲಿಗರ ಸಂಕಮ್ಮನಿಗೆ ಮಕ್ಕಳ ಫಲ ಕೊಟ್ಟ ಕಥೆ, ಆಲಂಬಾಡಿ ಜುಂಜೇಗೌಡನ ಕಥೆ, ಬೇವಿನಹಟ್ಟಿ ಕಾಳಮ್ಮನ ಕಥೆ, ಇಕ್ಕೇರಿ ದೇವಮ್ಮನ ಕಥೆ, ಸರಗೂರಯ್ಯನ ಕಥೆ: ಒಂದೊಂದೂ ಒಂದು ‘ಸಾಲು’. ಎಲ್ಲ ಸಾಲು ಕೂಡಿದರೆ ಹಲವು ರಾತ್ರಿ ಹಾಡಿದರೂ ಮುಗಿಯದ ಮಹಾಕಾವ್ಯ. ಪಿ.ಕೆ. ರಾಜಶೇಖರ ಅವರು ಎಪ್ಪತ್ತರ ದಶಕದಲ್ಲಿ ಅದನ್ನು ಸಂಗ್ರಹಿಸಿ ಪ್ರಕಟಿಸಿದ ಮೇಲೆ ಕನ್ನಡದ ವಿದ್ವತ್ತು ಈ ಕಡೆ ತಿರುಗಿ ನೋಡಿತು.

ಗಮನಿಸಬೇಕಾದ್ದು ಆ ಕಾವ್ಯದ ಪಾತ್ರಗಳ ಕುಲ, ಕಸುಬು. ರೈತ, ದನಗಾಹಿ, ಎಣ್ಣೆ ತೆಗೆಯುವವಳು, ಚಮ್ಮಾರ, ಜೇನು ಕೀಳುವ ಸೋಲಿಗ. ಸುತ್ತಲ ಊರುಗಳ ಯಾವ ಕೇರಿಯವರು ಕೇಳಲು ಕೂತರೂ ತಮ್ಮವರೊಬ್ಬರು ಅದರೊಳಗೆ ಸಿಗುತ್ತಾರೆ. ಜುಂಜೇಗೌಡನ ಹೆಸರಿನ ಹಿಂದಿರುವ ಆಲಂಬಾಡಿ ಕಾವೇರಿಯ ಗಡಿದಂಡೆಯ ಊರು. ಹಳ್ಳಿಕಾರ್ ತಳಿಗೆ ಹತ್ತಿರದ ಆಲಂಬಾಡಿ ದನಕ್ಕೆ ಹೆಸರು ಬಂದದ್ದೂ ಅಲ್ಲಿಂದಲೇ. ಇಲ್ಲಿ ಹಾಡೆಂದರೆ ಸೀಮೆಯ ಭೂಪಟವೂ ಹೌದು.

ಹಾಡುವವರು ದೇವರಗುಡ್ಡರು, ಅವರ ವಾದ್ಯ ಕಂಸಾಳೆ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಕೂತು ಕಥೆ ಹೇಳುವಾಗ ಅದು ಮೆಲ್ಲಗೆ ಲಯ ಹಿಡಿಯುತ್ತದೆ. ಬೀಸು ಕಂಸಾಳೆಗೆ ಎದ್ದರೆ ಅದೇ ತಾಳ ಭುಜದಾಚೆ, ಬೆನ್ನ ಹಿಂದೆ, ಮಂಡಿಯ ಕೆಳಗೆ ಹಾರಿಬಂದು ಬಟ್ಟಲಿಗೆ ಬಡಿಯುತ್ತದೆ. ಹತ್ತು ಜನ ಕುಣಿಯುವಾಗ ಹತ್ತೂ ಬಡಿತ ಒಂದೇ ಸದ್ದಾಗಿ ಕೇಳಬೇಕು. ಹಾಗೆ ಕೇಳಿದ ಗಳಿಗೆಯಲ್ಲಿ ನೆರೆದವರ ಬಾಯಲ್ಲಿ ‘ಉಘೇ’ ತಾನಾಗಿ ಬರುತ್ತದೆ.

ಗುಡಿಯ ಪೂಜೆ ಬೇಡಗಂಪಣ ಸಮುದಾಯದವರದು. ಶಿವರಾತ್ರಿ, ಯುಗಾದಿ, ದೀಪಾವಳಿ, ಮಹಾಲಯ ಅಮಾವಾಸ್ಯೆ ಮುಖ್ಯ ಪರಸೆಗಳು. ಮಹಾಲಯಕ್ಕೆ ಎಣ್ಣೆಮಜ್ಜನ, ದೀಪಾವಳಿಗೆ ಹಾಲರವಿ. ಹಾಲರವಿಯಂದು ಬೇಡಗಂಪಣರ 101 ಹೆಣ್ಣುಮಕ್ಕಳು ಕಾಡಿನೊಳಗಿನ ಹಳ್ಳದಿಂದ ತಲೆಯ ಮೇಲೆ ನೀರು ಹೊತ್ತು ತರುತ್ತಾರೆ. 2023ರಲ್ಲಿ ಬೆಟ್ಟದ ಮೇಲೆ 108 ಅಡಿಯ ಮಹದೇಶ್ವರನ ಪ್ರತಿಮೆ ನಿಂತಿತು. ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಳ್ಳುವವರು ಬಹಳ; ಆದರೂ ಈ ಬೆಟ್ಟದ ನಿಜವಾದ ಎತ್ತರ ಆ ಹಾಡಿನದೇ.

ಚಿಕ್ಕಲ್ಲೂರಿನ ಪಂಕ್ತಿ

ಮಾದಪ್ಪನಿಗೆ ಕಂಸಾಳೆಯಾದರೆ ಮಂಟೇಸ್ವಾಮಿಗೆ ತಂಬೂರಿ. ‘ಧರೆಗೆ ದೊಡ್ಡವರು’ ಎಂದೇ ಜನ ಕರೆಯುವ ಮಂಟೇಸ್ವಾಮಿಯ ಗದ್ದುಗೆ ಹೊಳೆಯಾಚೆ, ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ. ಆತನ ಶಿಷ್ಯ ಸಿದ್ದಪ್ಪಾಜಿಯ ಗದ್ದುಗೆ ಚಿಕ್ಕಲ್ಲೂರಿನಲ್ಲಿ, ಲಿಂಗಯ್ಯ–ಚೆನ್ನಯ್ಯರದು ಕೊಳ್ಳೇಗಾಲ ತಾಲ್ಲೂಕಿನ ಕುರುಬನಕಟ್ಟೆಯಲ್ಲಿ. ಆಚಾರರ ಮನೆಯ ಕೆಂಪಾಚಾರಿ ಸಿದ್ದಪ್ಪಾಜಿಯಾದದ್ದು, ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗಿ ಅಲ್ಲಿ ಪಟ್ಟ ಪಾಡು, ಇವನ್ನು ಮಂಟೇಸ್ವಾಮಿಯ ಹಾಡುಗಾರರಾದ ನೀಲಗಾರರು ಇರುಳಿಡೀ ಹಾಡುತ್ತಾರೆ.

ಚಿಕ್ಕಲ್ಲೂರು ಜಾತ್ರೆ ಬನದ ಹುಣ್ಣಿಮೆಗೆ, ಅಂದರೆ ಜನವರಿಯ ಸುಮಾರಿಗೆ, ಚಂದ್ರಮಂಡಲದ ಆಚರಣೆಯೊಂದಿಗೆ ಮೊದಲಾಗಿ ಐದು ದಿನ ನಡೆಯುತ್ತದೆ. ನಾಲ್ಕನೆಯ ದಿನದ ಪಂಕ್ತಿಸೇವೆಗೆ ಸಮನಾದದ್ದು ನಾಡಿನ ಬೇರೆ ಜಾತ್ರೆಗಳಲ್ಲಿ ಅಪರೂಪ. ಒಕ್ಕಲಿನವರು ಮನೆಮಂದಿಯೊಂದಿಗೆ ಗಾಡಿ, ಟ್ರ್ಯಾಕ್ಟರು, ಟೆಂಪೊಗಳಲ್ಲಿ ಪಾತ್ರೆ, ಸೌದೆ, ಹಿಟ್ಟು ಹೇರಿಕೊಂಡು ಬಂದು ಬಯಲಲ್ಲಿ ಬಿಡಾರ ಹೂಡುತ್ತಾರೆ. ಮೂರು ಕಲ್ಲಿನ ಒಲೆಯ ಮೇಲೆ ಮಾಂಸದ ಸಾರು ಕುದಿಯುತ್ತದೆ, ಪಕ್ಕದಲ್ಲಿ ಹಿಟ್ಟಿನ ಕೋಲು ತಿರುಗುತ್ತದೆ. ಎಡೆ ಇಟ್ಟು, ಪಂಥದ ಲಾಂಛನವಾದ ಕಂಡಾಯಕ್ಕೆ ಕೈಮುಗಿದು, ಬಿಡಾರದ ಮುಂದೆ ಹಾಯ್ದವರನ್ನೆಲ್ಲ ಊಟಕ್ಕೆ ಕರೆಯುವುದು ಪದ್ಧತಿ. ಯಾವ ಜಾತಿ ಎಂದು ಕೇಳುವ ಹಾಗಿಲ್ಲ. ಪ್ರಾಣಿಬಲಿಯ ನಿಷೇಧದ ಕಾರಣಕ್ಕೆ ಇತ್ತೀಚಿನ ವರ್ಷಗಳಲ್ಲಿ ಈ ಸೇವೆಯ ಸುತ್ತ ವಾದವಿವಾದ ಎದ್ದಿದೆ. ಇದು ಬಲಿಯಲ್ಲ, ನಮ್ಮ ಊಟ; ಕೂಡಿ ಉಣ್ಣುವುದೇ ಸಿದ್ದಪ್ಪಾಜಿಯ ಸೇವೆ ಎಂಬುದು ಒಕ್ಕಲಿನವರ ಮಾತು. ಈ ಲೇಖಕನ ಮಟ್ಟಿಗೆ ಆ ಮಾತಿನಲ್ಲಿ ತೂಕವಿದೆ. ಜೊತೆಗೆ ಕೂತು ಉಣ್ಣಲು ಇಂದಿಗೂ ತಕರಾರಿರುವ ನಾಡಿನಲ್ಲಿ ಇಂಥ ಪಂಕ್ತಿಯೊಂದು ಶತಮಾನಗಳಿಂದ ನಡೆದುಬಂದಿರುವುದು ಸಣ್ಣ ಸಂಗತಿಯಲ್ಲ.

ರಂಗಬಾವನ ಬೆಟ್ಟ

ಯಳಂದೂರಿನ ಬೆಟ್ಟದ ಅಂಚಿನಲ್ಲಿ ಬಿಳಿಯ ಬಂಡೆಯೊಂದು ದೂರಕ್ಕೇ ಕಾಣುತ್ತದೆ. ಸಂಸ್ಕೃತದಲ್ಲಿ ಶ್ವೇತಾದ್ರಿ, ಜನರ ಬಾಯಲ್ಲಿ ಬಿಳಿಗಿರಿ. ಅದರ ನೆತ್ತಿಯ ರಂಗನಾಥನಿಗೆ ಸಂಕ್ರಾಂತಿಯ ಹೊತ್ತಿಗೆ ಚಿಕ್ಕಜಾತ್ರೆ, ವೈಶಾಖದಲ್ಲಿ ದೊಡ್ಡಜಾತ್ರೆ. ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಒಲಿಸಿ ಮದುವೆಯಾದ ಕಥೆಯುಂಟು. ಆದ್ದರಿಂದ ಸೋಲಿಗರಿಗೆ ಆತ ಸ್ವಾಮಿಯಲ್ಲ, ‘ರಂಗಬಾವ’. ದೇವರನ್ನು ಭಾವಮೈದುನನಂತೆ ಕಂಡು ಸಲುಗೆಯಿಂದ ಮಾತಾಡಿಸುವ ಈ ನಂಟಸ್ತಿಕೆ ಎಷ್ಟು ಚೆಂದ! ಬೂದಿತಿಟ್ಟಿನ ಚಮ್ಮಾರ ಮನೆತನದವರು ರಂಗನಾಥನಿಗೆ ಭಾರೀ ಗಾತ್ರದ ಚರ್ಮದ ಚಪ್ಪಲಿ ಮಾಡಿ ಒಪ್ಪಿಸುವ ವಾಡಿಕೆಯಿದೆ. ರಂಗಪ್ಪ ಇರುಳಲ್ಲಿ ಅದನ್ನು ಮೆಟ್ಟಿ ಕಾಡು ಸುತ್ತುತ್ತಾನೆ, ಅದಕ್ಕೇ ಸವೆಯುತ್ತದೆ ಎಂಬುದು ನಂಬಿಕೆ. ಆ ಚಪ್ಪಲಿಯಿಂದ ತಲೆ ಮುಟ್ಟಿಸಿಕೊಳ್ಳುವುದು ಭಕ್ತರಿಗೆ ಆಶೀರ್ವಾದ. ಒಂದು ಬೆಟ್ಟದಲ್ಲಿ ಹರಳಯ್ಯನ ಪಾದರಕ್ಷೆ, ಇನ್ನೊಂದರಲ್ಲಿ ಬೂದಿತಿಟ್ಟಿನ ಚಪ್ಪಲಿ. ಚರ್ಮ ಹದಮಾಡುವ ಕೈ ಎರಡೂ ಕಡೆ ಗುಡಿಯೊಳಗಿನವರೆಗೆ ತಲುಪಿದೆ.

ಬೆಟ್ಟದ ಒಳಕಾಡಿನ ದೊಡ್ಡಸಂಪಿಗೆ ಸೋಲಿಗರ ಮೂಲದೈವಗಳಲ್ಲಿ ಒಂದು. ನೂರಾರು ವರ್ಷ ಹಳೆಯ ಸಂಪಿಗೆ ಮರ, ಬುಡದಲ್ಲಿ ಕಲ್ಲುಗಳ ಸಾಲು. ರಾಗಿ ಕೊಯ್ಲಾದ ಮೇಲೆ ರೊಟ್ಟಿಹಬ್ಬ, ಬೆಂಕಿಯ ಸುತ್ತ ಗೊರುಕನ ಕುಣಿತ. ಈ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಸಾರಿದ ಹೊತ್ತಿನಲ್ಲೇ, 2011ರಲ್ಲಿ, ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಕಾಡಿನೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶಕ್ಕೇ ಮೊದಲಿಗರು ಅವರು. ಬೆಟ್ಟದ ಜನ ಹೆಮ್ಮೆಯಿಂದ ಹೇಳುವ ಮತ್ತೊಂದು ಹೆಸರು ಡಾ. ಎಚ್. ಸುದರ್ಶನ್. 1981ರಲ್ಲಿ ಅವರು ಇಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ, ಶಾಲೆಗಳಿಂದ ಸೋಲಿಗರ ಒಂದು ತಲೆಮಾರೇ ಓದಿ ಹೊರಬಂತು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಹಿಟ್ಟು, ಉಪ್ಸಾರು, ಜೇನು

ಈ ಸೀಮೆಯಲ್ಲಿ ‘ಹಿಟ್ಟು ಉಂಡ್ಯಾ?’ ಎಂದರೆ ಊಟವಾಯಿತೇ ಎಂದು. ಮುದ್ದೆಗೆ ಇಲ್ಲಿ ಹಿಟ್ಟೆಂದೇ ಹೆಸರು. ಆಡುವಾಗ ಹಕಾರ ಉದುರಿ ‘ಇಟ್ಟು’ ಆಗುತ್ತದೆ, ಹಟ್ಟಿ ‘ಅಟ್ಟಿ’ ಆಗುವ ಹಾಗೆ. ಹಿಟ್ಟಿನ ಜೊತೆಗಾರ ಉಪ್ಸಾರು. ಹೊರಗಿನವರಿಗೆ ಇದು ತೀರ ಬಡ ಅಡುಗೆಯಾಗಿ ಕಾಣಬಹುದು, ಆದರೆ ಹದ ತಪ್ಪಿದರೆ ಗೊತ್ತಾಗುವುದು ಇದರಲ್ಲೇ. ದಂಟೋ ಕೀರೆಯೋ ಬೆರಕೆಸೊಪ್ಪೋ, ಜೊತೆಗೆ ತೊಗರಿಬೇಳೆಯೋ ಅವರೆಕಾಳೋ ಹುರುಳಿಯೋ ಹಾಕಿ, ಉಪ್ಪು ಬಿಟ್ಟರೆ ಬೇರೇನೂ ಇಲ್ಲದೆ ಬೇಯಿಸುತ್ತಾರೆ. ಬೆಂದ ನೀರನ್ನು ಬಸಿದರೆ ಅದೇ ಸಾರು. ಬಸಿದು ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಜೀವವೆಲ್ಲ ಖಾರದಲ್ಲಿ. ಕೆಂಡದಲ್ಲಿ ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು, ಉಪ್ಪು ಇಟ್ಟು ಕಲ್ಲಿನಲ್ಲಿ ಅರೆದ ಉಂಡೆ. ತಟ್ಟೆಯಲ್ಲಿ ಹಬೆಯಾಡುವ ಹಿಟ್ಟು, ಸುತ್ತ ತಿಳಿಸಾರು, ಅಂಚಿನಲ್ಲಿ ನೆಲ್ಲಿಕಾಯಿಯಷ್ಟು ಖಾರ. ಎಷ್ಟು ಕಲಸಿಕೊಳ್ಳಬೇಕೆಂಬುದು ಉಣ್ಣುವವರ ನಾಲಿಗೆಗೆ ಬಿಟ್ಟದ್ದು. ಒಬ್ಬರ ಮನೆಯ ಖಾರದಂತೆ ಇನ್ನೊಬ್ಬರದಿಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ತವರಿನಿಂದ ಹೊತ್ತೊಯ್ಯುವ ಡಬ್ಬಿಗಳಲ್ಲಿ ಇದೂ ಒಂದು.

ರಾಗಿಗೆ ಇಲ್ಲಿ ದೈವದ ನಂಟೂ ಉಂಟಲ್ಲ, ಮಾದಪ್ಪನೇ ಬೀಸಿದ ಕಾಳು. ಬೆಟ್ಟದ ಕಡೆಯ ಸವಿ ಬೇರೆ: ಹೆಜ್ಜೇನಿನ ತುಪ್ಪ, ಕಾಡುಗೆಣಸು, ಮಾಗಳಿಬೇರಿನ ಉಪ್ಪಿನಕಾಯಿ. ಸೋಲಿಗರು ಕತ್ತಲ ರಾತ್ರಿಗಳಲ್ಲಿ ಮರವೇರಿ ಹೊಗೆ ಹಾಕಿ ಜೇನು ಕೀಳುತ್ತಾರೆ, ಎಲ್ಲವನ್ನೂ ಬಾಚದೆ ಒಂದಿಷ್ಟು ಬಿಟ್ಟು ಬರುತ್ತಾರೆ. ಮಾದಪ್ಪನ ಬೆಟ್ಟದ ಲಾಡು ಪ್ರಸಾದವಂತೂ ಹೋಗಿಬಂದವರ ಮನೆಯಿಂದ ಕೇರಿಗೆಲ್ಲ ಹಂಚಿಕೆಯಾಗುತ್ತದೆ.

ನೀರು, ಕಲ್ಲು, ಅಕ್ಷರ

ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಧುಮುಕುತ್ತದೆ. ಗಗನಚುಕ್ಕಿಯನ್ನು ನೋಡುವುದು ಮಂಡ್ಯ ಜಿಲ್ಲೆಯ ಕಡೆಯಿಂದ, ಭರಚುಕ್ಕಿ ಕೊಳ್ಳೇಗಾಲದವರದು. ನಡುವಿನ ದ್ವೀಪದಲ್ಲಿ ಮಧ್ಯರಂಗ. ಶ್ರೀರಂಗಪಟ್ಟಣದ ಆದಿರಂಗನಿಗೂ ಶ್ರೀರಂಗದ ಅಂತ್ಯರಂಗನಿಗೂ ನಡುವಿನವನು. ದ್ವೀಪಕ್ಕೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬುವರು ಸಾಲುಸಾಲು ಕಲ್ಲುಕಂಬಗಳ ಮೇಲೆ ಸೇತುವೆ ಕಟ್ಟಿಸಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು.  ಸುಮಾರು ಎರಡು ಶತಮಾನ ನಿಂತ ಸೇತುವೆಯ ಭಾಗಗಳನ್ನು ಈಚಿನ ಪ್ರವಾಹಗಳು ಕೊಚ್ಚಿಕೊಂಡು ಹೋದದ್ದು ಊರವರಿಗೆ ಮನೆಯ ಹಿರಿಯರು ಹೋದಷ್ಟೇ ನೋವು. 1902ರಲ್ಲಿ ಇಲ್ಲಿನ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಆಗ ಮೈಸೂರಿನ ದಿವಾನರು ಪಿ.ಎನ್. ಕೃಷ್ಣಮೂರ್ತಿ, ಪೂರ್ಣಯ್ಯನವರ ವಂಶಜರು, ಯಳಂದೂರಿನ ಜಹಗೀರುದಾರರು. ಕೆಲಸ ಆರಂಭಿಸಿದ ಶೇಷಾದ್ರಿ ಅಯ್ಯರ್ ಅವರನ್ನು ನಾಡು ನೆನೆಯುತ್ತದೆ. ಯಳಂದೂರಿನವರು ತಮ್ಮ ಜಹಗೀರುದಾರರನ್ನೂ ಸೇರಿಸಿ ನೆನೆದರೆ ತಪ್ಪಿಲ್ಲ.

ಯಳಂದೂರು ರಾಜ್ಯದ ಅತಿ ಚಿಕ್ಕ ತಾಲ್ಲೂಕುಗಳಲ್ಲಿ ಒಂದು. ಹೊನ್ನುಹೊಳೆಯ, ಅಂದರೆ ಸುವರ್ಣಾವತಿಯ, ದಂಡೆಯ ಈ ಪುಟ್ಟ ಊರಿಗೆ ಕಲ್ಲಿನಲ್ಲೂ ಅಕ್ಷರದಲ್ಲೂ ದಕ್ಕಿದ ಪಾಲು ದೊಡ್ಡದು. ಹದಿನಾಡು ಪಾಳೆಯಗಾರರ ಗೌರೇಶ್ವರ ಗುಡಿಯ ಮುಂದಿನ ಬಳೆಮಂಟಪ ಹದಿನೇಳನೆಯ ಶತಮಾನದ ನಡುವಿನದು. ಅದರ ಮೂಲೆಗಳಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಬಳೆಗಳು ಒಂದಕ್ಕೊಂದು ಕೋದು ಸರಪಳಿಯಂತೆ ಇಳಿಬಿದ್ದಿವೆ. ಎಲ್ಲಿಯೂ ಬೆಸುಗೆಯಿಲ್ಲ, ಉಳಿ ಒಂದೇ ಒಂದು ಸಲ ಜಾರಿದ್ದರೂ ಇಡೀ ಕಲ್ಲು ಕೆಡುತ್ತಿತ್ತು.

ಆ ಕಾಲದ ಆಸುಪಾಸಿನಲ್ಲೇ ಇಲ್ಲಿನ ಮಠದಲ್ಲಿದ್ದವನು ಷಡಕ್ಷರದೇವ. ಹುಟ್ಟೂರು ಮಳವಳ್ಳಿ ಕಡೆಯ ಧನಗೂರು, ಗದ್ದುಗೆ ಯಳಂದೂರಿನಲ್ಲಿ. ‘ರಾಜಶೇಖರ ವಿಲಾಸ’, ‘ವೃಷಭೇಂದ್ರ ವಿಜಯ’, ‘ಶಬರಶಂಕರ ವಿಲಾಸ’ಗಳಿಂದ ಚಂಪೂ ಪರಂಪರೆಗೆ ಮತ್ತೆ ಉಸಿರು ತುಂಬಿದ ಕವಿ. ‘ರಾಜಶೇಖರ ವಿಲಾಸ’ದಲ್ಲಿ ಕುದುರೆಗೆ ಸಿಕ್ಕಿ ಸತ್ತ ಮಗುವಿನ ತಾಯಿ ತಿರುಕೊಳವಿನಾಚಿಯ ಗೋಳನ್ನು ಓದಿ ಕಣ್ಣು ತೇವವಾಗದ ಹಳಗನ್ನಡದ ವಿದ್ಯಾರ್ಥಿಗಳು ಕಡಿಮೆ. ಅದೇ ಶತಮಾನದ ಕೊನೆಗೆ ಇದೇ ಊರಿನ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆ ಸೇರಿದಳು. ಯಳಂದೂರಿನ ಮಗಳೇ ಆದ ರಾಣಿ ದೇವಾಜಮ್ಮಣ್ಣಿಗೆ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗ. ಆ ಸಂಚಿಯ ಹೆಣ್ಣು ಬರೆದ ‘ಹದಿಬದೆಯ ಧರ್ಮ’ ಸಾಂಗತ್ಯದಲ್ಲಿ ಇಂದಿಗೂ ಓದಿಸಿಕೊಳ್ಳುವ ಕೃತಿ. ಹೆಸರು ಪತಿವ್ರತೆಯ ಧರ್ಮವಾದರೂ, ಹೆಣ್ಣು ಹುಟ್ಟಿತೆಂದು ಮುಖ ಸಿಂಡರಿಸುವವರನ್ನು ಅವಳು ಕೇಳಿದ ಪ್ರಶ್ನೆ ಇಂದಿನ ಹೆರಿಗೆ ವಾರ್ಡುಗಳ ಹೊರಗೂ ಕೇಳಬೇಕಾದದ್ದೇ.

ಡಾ. ರಾಜ್‌ಕುಮಾರ್ ಅವರನ್ನು ಈ ಸೀಮೆ ತನ್ನವರೆಂದೇ ಎಣಿಸುತ್ತದೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು ಎಂಬ ಹೆಸರಿನ ಮೊದಲಲ್ಲಿರುವ ಸಿಂಗಾನಲ್ಲೂರು ಅಂದಿನ ಕೊಳ್ಳೇಗಾಲ ತಾಲ್ಲೂಕಿನ ಊರು. ಅವರು 1929ರಲ್ಲಿ ಹುಟ್ಟಿದ ಗಾಜನೂರು ತಾಳವಾಡಿ ಕಡೆಯದು. ಆಗ ಎರಡೂ ಕೊಯಮತ್ತೂರು ಜಿಲ್ಲೆ. 1956ರ ಗೆರೆ ಕೊಳ್ಳೇಗಾಲವನ್ನು ಈಚೆ ತಂದಿತು, ತಾಳವಾಡಿಯನ್ನು ಆಚೆ ಬಿಟ್ಟಿತು. ತಾಳವಾಡಿಯ ಮನೆಗಳಲ್ಲಿ ಇಂದಿಗೂ ಕನ್ನಡವಿದೆ, ಬರಗೂರು ಮಲೆಯ ಲಿಂಗಾಯತರಲ್ಲೂ ಇದೆ. ಶಿವರಾತ್ರಿಗೆ ಅವರೂ ಮಾದಪ್ಪನ ಬೆಟ್ಟ ಹತ್ತುತ್ತಾರೆ.

ರೇಷ್ಮೆ ಮತ್ತು ಹೊರಗಿನವರಿಟ್ಟ ಹೆಸರು

ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಆ ಇಡೀ ಪ್ರಾಂತ್ಯದ ರೇಷ್ಮೆ ಕೃಷಿ ಹೆಚ್ಚುಕಡಿಮೆ ಕೊಳ್ಳೇಗಾಲ ಒಂದರಲ್ಲೇ ಇತ್ತು. ಹಿಪ್ಪುನೇರಳೆ ತೋಟ, ಹುಳುಮನೆ, ಹಣ್ಣಾದ ಹುಳು ಬಿಡುವ ಬಿದಿರಿನ ಚಂದ್ರಂಕಿ, ಗೂಡು ಬಿಚ್ಚುವ ಬಿಸಿನೀರಿನ ಬಾಣಲೆ, ಕೊನೆಗೆ ದೇವಾಂಗರ ಬೀದಿಯ ಮಗ್ಗದ ಸದ್ದು: ಎಲೆಯಿಂದ ಸೀರೆಯವರೆಗಿನ ಎಲ್ಲ ಕೆಲಸ ಒಂದೇ ಊರಿನ ಸುತ್ತ ಸಿಗುವುದು ಅಪರೂಪ. ಜರಿಯಂಚಿನ ಕೊಳ್ಳೇಗಾಲದ ಸೀರೆ ಮದುವೆಮನೆಯ ಮಾತಾಗಿತ್ತು. ವಿದ್ಯುತ್ ಮಗ್ಗ ಬಂದ ಮೇಲೆ ಕೈಮಗ್ಗಗಳು ತೆಳುವಾಗಿವೆ, ಆದರೂ ‘ರೇಷ್ಮೆನಗರ’ ಎಂಬ ಹೆಸರನ್ನು ಊರು ಬಿಟ್ಟುಕೊಟ್ಟಿಲ್ಲ.

ಆದರೆ ನಾಡಿನ ಬೇರೆಡೆ ಕೊಳ್ಳೇಗಾಲವೆಂದರೆ ಮೊದಲು ಬಾಯಿಗೆ ಬರುವುದು ಮಾಟಮಂತ್ರ. ಸಿನಿಮಾ, ಧಾರಾವಾಹಿ, ಬೈಗುಳ ಎಲ್ಲದರಲ್ಲೂ ಇದೇ. ಊರಿನ ಹುಡುಗರು ಹೊರಗೆ ಓದಲು ಹೋದಾಗ ಹಾಸ್ಟೆಲ್ಲಿನಲ್ಲಿ ಎದುರಿಸುವ ಮೊದಲ ಪ್ರಶ್ನೆಯೂ ಇದೇ. ಹೊನ್ನಮ್ಮ, ಷಡಕ್ಷರದೇವ, ಮಂಟೇಸ್ವಾಮಿಯ ಹಾಡುಗಾರರು, ರೇಷ್ಮೆಯ ನೇಕಾರರು ಇರುವ ಸೀಮೆಗೆ ಈ ಒಂದು ಹೆಸರನ್ನು ಅಂಟಿಸುವುದು ಅನ್ಯಾಯವೇ ಸರಿ.

ಹನೂರಿನ ಕಾಡಂಚಿಗೆ ಇನ್ನೊಂದು ಹೆಸರು ಅಂಟಿತು. ಅಲ್ಲಿನ ಗೋಪಿನಾಥಂ ಕಾಡುಗಳ್ಳ ವೀರಪ್ಪನ್ ಹುಟ್ಟಿದೂರು. 1992ರ ರಾಮಾಪುರ ಠಾಣೆಯ ದಾಳಿ, 1993ರ ಪಾಲಾರ್ ಸ್ಫೋಟ, 2000ದಲ್ಲಿ ಗಾಜನೂರಿನಿಂದ ರಾಜ್‌ಕುಮಾರ್ ಅಪಹರಣ, 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪನವರ ಅಪಹರಣ ಮತ್ತು ಸಾವು ಈ ಸೀಮೆಯ ಮನೆಮನೆಗೂ ಗೊತ್ತಿರುವ ದಿನಗಳು. ಗೋಪಿನಾಥಂ ಜನ ಕೈಮುಗಿಯುವುದು ಮಾತ್ರ ಬೇರೆಯವರಿಗೆ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಆ ಊರಿನಲ್ಲಿ ಇದ್ದು, ಔಷಧಿ ಕೊಟ್ಟು, ಮನೆಗಳನ್ನು ಕಟ್ಟಿಸಿ, ಮಾರಿಯಮ್ಮನ ಗುಡಿ ಎಬ್ಬಿಸಿದರು. 1991ರ ನವೆಂಬರ್ 10ರಂದು, ಶರಣಾಗುತ್ತೇನೆಂಬ ವೀರಪ್ಪನ್ ಮಾತು ನಂಬಿ ಕಾಡಿಗೆ ಹೋದವರು ಕೊಲೆಯಾದರು. ಮರಣೋತ್ತರವಾಗಿ ಕೀರ್ತಿಚಕ್ರ ಬಂತು. ಆಂಧ್ರದಿಂದ ಬಂದ ಆ ಅಧಿಕಾರಿ ಊರಿನವರ ಪಾಲಿಗೆ ಊರವರೇ.

ಹೊರಗಿಂದ ಬಂದವರನ್ನು ಹೀಗೆ ಒಳಗಿನವರಾಗಿಸಿಕೊಳ್ಳುವುದು ಇಲ್ಲಿನ ಹಳೆಯ ರೂಢಿ. ಒಡೆಯರಪಾಳ್ಯದಲ್ಲಿ ಎಪ್ಪತ್ತರ ದಶಕದಿಂದ ಟಿಬೆಟನ್ನರು ನೆಲೆಸಿದ್ದಾರೆ. ಅವರ ಹೊಲದಲ್ಲಿ ಜೋಳ, ಗುಡ್ಡದ ಮೇಲೆ ಜೋಗ್ಚೆನ್ ಮಠದ ಬಾವುಟಗಳು. ಮಾರ್ಟಳ್ಳಿಯಲ್ಲಿ ತಮಿಳು ಮಾತಾಡುವ ಕ್ರೈಸ್ತರ ದೊಡ್ಡ ಊರೇ ಇದೆ. ಶಿವರಾತ್ರಿಯ ಹಿಂದಿನ ವಾರ ಕನಕಪುರ, ರಾಮನಗರ ಕಡೆಯ ಭಕ್ತರು ಸಂಗಮದ ಬಳಿ ಎದೆಮಟ್ಟದ ನೀರಿನಲ್ಲಿ ಹಗ್ಗ ಹಿಡಿದು ಕಾವೇರಿ ದಾಟಿ ಈ ದಂಡೆಗೆ ಬರುತ್ತಾರೆ. ತಲೆಯ ಮೇಲೆ ಗಂಟು, ಗಂಟಿನಲ್ಲಿ ಅಕ್ಕಿ, ಹಿಟ್ಟು. ಹನೂರಿನ ದಾರಿಯ ಊರುಗಳವರು ಮರದ ನೆರಳಲ್ಲಿ ಗುಡಾಣ ಇಟ್ಟು ಮಜ್ಜಿಗೆ ಕೊಡುತ್ತಾರೆ, ಮಧ್ಯಾಹ್ನವಾದರೆ ಅನ್ನಸಾರು. ಬಂದವರು ‘ಉಘೇ ಮಾದಪ್ಪ’ ಅನ್ನುತ್ತಾರೆ, ಕೊಡುವವರೂ ಅದನ್ನೇ ಅನ್ನುತ್ತಾರೆ. ಊರ ಹೆಸರು ಕೇಳುವುದು ಮಜ್ಜಿಗೆ ಕುಡಿದಾದ ಮೇಲೆ.